ಮ್ಯಾಜಿಕ್ ಆಟದಲ್ಲಿ ಬರೀ ರಕ್ಷಣಾ ಜೀವಿಗಳ ಡೆಕ್ ಕಟ್ಟಬೇಕೆಂದಿದ್ದೇನೆ. ಅತ್ಯಂತ ಗಟ್ಟಿಯಾದ ಗೋಡೆಗಳು ಯಾವುವು?

‘ದಾಳಿ ಮಾಡುವುದು ನನಗೆ ಇಷ್ಟವಿಲ್ಲ, ಆದರೆ ನನ್ನನ್ನು ಯಾರೂ ಮುಟ್ಟಬಾರದು’ ಎಂದು ಬರೆದಿದ್ದೀರಿ. ನನ್ನ ಮೊದಲ ಡೆಕ್ ನಿಂತಿದ್ದೇ ಈ ಮಾತಿನ ಮೇಲೆ. ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಈ ಕಾರ್ಡ್ ಆಟದಲ್ಲಿ ಡಿಫೆಂಡರ್ ಎಂದು ಬರೆದಿರುವ ಜೀವಿ ದಾಳಿಗೆ ಹೋಗುವಂತಿಲ್ಲ, ತಡೆಯಬಹುದು ಅಷ್ಟೆ. ಅದಕ್ಕೆ ಬದಲಾಗಿ ಕಡಿಮೆ ಮಾನಾಗೆ (ಕಾರ್ಡ್ ಆಡಲು ತೆರಬೇಕಾದ ಶಕ್ತಿ) ಹೆಚ್ಚು ಟಫ್‌ನೆಸ್ (ಪೆಟ್ಟು ತಾಳುವ ಬಲ) ಕೊಡುತ್ತದೆ. ಆ ಲೆಕ್ಕಕ್ಕೆ ನಾನು ಮರುಳಾಗಿದ್ದೆ.

ಡೆಕ್ ಬಿಳಿ ಮತ್ತು ನೀಲಿ ಬಣ್ಣದ್ದು. ಅದರ ಜೀವಾಳ ಎರಡು ಕಾರ್ಡುಗಳು, ತಲಾ ನಾಲ್ಕು ಪ್ರತಿ. ಒಂದು ವಾಲ್ ಆಫ್ ಡಿನೈಯಲ್: 3 ಮಾನಾಗೆ 0/8 (ಪವರ್, ಅಂದರೆ ಕೊಡುವ ಪೆಟ್ಟು 0, ಟಫ್‌ನೆಸ್ 8), ಹಾರುವ ಜೀವಿಗಳನ್ನೂ ತಡೆಯುತ್ತದೆ, ಮೇಲಾಗಿ ಶ್ರೌಡ್ ಇರುವುದರಿಂದ ಯಾವ ಮಂತ್ರವೂ ಅದನ್ನು ಗುರಿಯಾಗಿಸುವಂತಿಲ್ಲ. ಇನ್ನೊಂದು ವಾಲ್ ಆಫ್ ಫ್ರಾಸ್ಟ್: ಅದೂ 3 ಮಾನಾ, 0/7, ಅದು ತಡೆದ ಜೀವಿ ತನ್ನ ಮುಂದಿನ ಸರದಿಯಲ್ಲಿ ಅನ್‌ಟ್ಯಾಪ್ ಆಗುವುದಿಲ್ಲ (ಬಳಸಿದ ಗುರುತಾಗಿ ಅಡ್ಡ ತಿರುಗಿಸಿದ, ಅಂದರೆ ಟ್ಯಾಪ್ ಮಾಡಿದ, ಕಾರ್ಡ್ ಮತ್ತೆ ನೆಟ್ಟಗಾಗುವುದಿಲ್ಲ). ನೆಲದ ಮೇಲೆ ನುಗ್ಗುವ ಡೆಕ್‌ಗಳು ಇವೆರಡರ ಮುಂದೆ ನಿಜಕ್ಕೂ ನಿಂತುಹೋಗುತ್ತಿದ್ದವು.

ಗೆಲ್ಲುವುದು ಹೇಗೆ? ಖಾಲಿಯಾದ ಕಟ್ಟಿನಿಂದ ಕಾರ್ಡ್ ಎಳೆಯಬೇಕಾಗಿ ಬಂದವನು ಸೋಲುತ್ತಾನೆ ಎಂಬ ನಿಯಮವಿದೆ. ನಾನು ಅದನ್ನು ನಂಬಿದ್ದೆ. 60 ಕಾರ್ಡುಗಳಲ್ಲಿ 7 ಕೈಗೆ ಬಂದರೆ ಕಟ್ಟಿನಲ್ಲಿ ಉಳಿಯುವುದು 53. ಎದುರಾಳಿ ಹೇಗೂ ಹೆಚ್ಚುವರಿ ಕಾರ್ಡ್ ಎಳೆಯುತ್ತಾನೆ, ನಾನು ಎಳೆಯದಿದ್ದರೆ ಅವನ ಕಟ್ಟು ಮೊದಲು ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ. ಹಾಗಾಗಿ ಮೊದಲು ಡೆಕ್‌ನಲ್ಲಿದ್ದ ವಾಲ್ ಆಫ್ ಓಮೆನ್ಸ್‌ನ ನಾಲ್ಕೂ ಪ್ರತಿಗಳನ್ನು ತೆಗೆದುಹಾಕಿದೆ. ಅದು 2 ಮಾನಾದ 0/4 ಗೋಡೆ, ಬರುತ್ತಲೇ ನಿಮಗೊಂದು ಕಾರ್ಡ್ ಎಳೆಸುತ್ತದೆ. ಆ ಒಂದು ಕಾರ್ಡ್ ನನ್ನ ಕಟ್ಟಿನ ಆಯುಷ್ಯವನ್ನು ಕಡಿಮೆ ಮಾಡುತ್ತದೆ ಎಂಬುದು ನನ್ನ ತರ್ಕ. 4 ಟಫ್‌ನೆಸ್ ಹೋಗಿ 8 ಬಂತಲ್ಲ ಎಂಬ ಸಮಾಧಾನ ಬೇರೆ.

ಇದು ಎಷ್ಟು ದೊಡ್ಡ ತಪ್ಪು ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಬೀಜವಿದೆ. ಒಂದು ಸ್ಪರ್ಧೆಯ ನಿರ್ಣಾಯಕ ಆಟ. ನನ್ನ ಮುಂದೆ ನಾಲ್ಕು ಗೋಡೆಗಳು, ಜೀವಾಂಕ ಪೂರ್ತಿ 20. ಎದುರಿನವರು ದಾಳಿಗೆ ಬರಲೇ ಇಲ್ಲ. ಸರದಿಗೊಂದು ಲ್ಯಾಂಡ್ (ಮಾನಾ ಕೊಡುವ ಕಾರ್ಡ್) ಇಡುತ್ತಾ, ಕೈಯಲ್ಲಿ ಕಾರ್ಡ್ ಕೂಡಿಡುತ್ತಾ ಕುಳಿತರು. ನಾನು ಗೆಲ್ಲುತ್ತಿದ್ದೇನೆ ಎಂದೇ ಭಾವಿಸಿದ್ದೆ. ಆಮೇಲೆ ರಾತ್ ಆಫ್ ಗಾಡ್ ಬಂತು. 4 ಮಾನಾ, ಎಲ್ಲ ಜೀವಿಗಳ ನಾಶ. ಶ್ರೌಡ್ ಯಾವ ಉಪಯೋಗಕ್ಕೂ ಬರಲಿಲ್ಲ, ಏಕೆಂದರೆ ಆ ಮಂತ್ರ ಯಾವುದನ್ನೂ ಗುರಿಯಾಗಿಸುವುದಿಲ್ಲ, ಎಲ್ಲವನ್ನೂ ಅಳಿಸುತ್ತದೆ. 8 ಟಫ್‌ನೆಸ್ಸೂ ಲೆಕ್ಕಕ್ಕಿಲ್ಲ, ಏಕೆಂದರೆ ಆ ಮಂತ್ರ ಪೆಟ್ಟು ಕೊಡುವುದಿಲ್ಲ. ಅವರ ಒಂದು ಕಾರ್ಡಿಗೆ ನನ್ನ ನಾಲ್ಕು ಕಾರ್ಡುಗಳು ಹೋದವು.

ಆ ನಾಲ್ಕರಲ್ಲಿ ಮೂರು ವಾಲ್ ಆಫ್ ಓಮೆನ್ಸ್ ಆಗಿದ್ದಿದ್ದರೆ? ಆ ಮೂರೂ ಬರುವಾಗಲೇ ತಮ್ಮ ಬದಲಿ ಕಾರ್ಡನ್ನು ಕೈಗಿತ್ತಿರುತ್ತಿದ್ದವು. ಗೋಡೆಗಳು ಸತ್ತರೂ ಮರುಸರದಿಗೆ ಹೊಸ ಸಾಲು ಎದ್ದು ನಿಲ್ಲುತ್ತಿತ್ತು. ನನ್ನ ಕೈ ಖಾಲಿಯಿತ್ತು. ಮುಂದಿನ ಸರದಿಯಲ್ಲಿ ಅವರು ಸೆರಾ ಏಂಜೆಲ್ ಇಳಿಸಿದರು, 4/4, ಹಾರುತ್ತದೆ. 20 ಜೀವಾಂಕ ಮುಗಿಯಲು ಐದು ಹೊಡೆತ ಸಾಕು. ಆ ಅವಧಿಯಲ್ಲಿ ನಾನು ಸರದಿಗೆ ಒಂದೇ ಕಾರ್ಡ್ ಎಳೆಯುತ್ತಾ ಕುಳಿತೆ. ಬಂದದ್ದು ಲ್ಯಾಂಡ್‌ಗಳು ಮತ್ತು ಹಾರುವುದನ್ನು ತಡೆಯಲಾಗದ ವಾಲ್ ಆಫ್ ಫ್ರಾಸ್ಟ್. ಕಟ್ಟಿನಲ್ಲಿ ಇನ್ನೂ ಬೇಕಾದಷ್ಟು ಕಾರ್ಡುಗಳಿದ್ದವು. ಅವುಗಳನ್ನು ಉಳಿಸಿ ನಾನು ಸಾಧಿಸಿದ್ದು ಏನೂ ಇಲ್ಲ.

ಗೋಡೆ ಕೊಡುವುದು ಸಮಯವನ್ನು. ಆ ಸಮಯ ನಿಮಗೆಷ್ಟೋ ಎದುರಾಳಿಗೂ ಅಷ್ಟೇ ಸಿಗುತ್ತದೆ. ಅದನ್ನು ಬಳಸಿಕೊಳ್ಳುವ ಕಾರ್ಡುಗಳು ಅವರ ಬಳಿ ಇದ್ದವು, ನನ್ನ ಬಳಿ ಇರಲಿಲ್ಲ. ಕಾಯುವ ಡೆಕ್‌ಗೆ ಗಡಿಯಾರವೂ ಶತ್ರು: ಸ್ಪರ್ಧೆಗಳಲ್ಲಿ ಒಂದು ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ, ಅಷ್ಟರೊಳಗೆ ಮೂರರಲ್ಲಿ ಎರಡು ಆಟ ಗೆಲ್ಲಬೇಕು.

ಆದ್ದರಿಂದ ‘ಅತ್ಯಂತ ಗಟ್ಟಿಯಾದ ಗೋಡೆ ಯಾವುದು’ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಗೆಲ್ಲಿಸುವ ಕಾರ್ಡನ್ನು ಮೊದಲು ಆರಿಸಿ, ಗೋಡೆಗಳನ್ನು ಅದಕ್ಕೆ ತಕ್ಕಂತೆ ಹುಡುಕಿ. ನನ್ನ ಆಯ್ಕೆ ಅಸಾಲ್ಟ್ ಫಾರ್ಮೇಶನ್, 2015ರಲ್ಲಿ ಬಂದ ಹಸಿರು ಎನ್‌ಚಾಂಟ್‌ಮೆಂಟ್ (ಮೇಜಿನ ಮೇಲೆ ಉಳಿದು ಪರಿಣಾಮ ಬೀರುವ ಕಾರ್ಡ್), 2 ಮಾನಾ. ಅದು ಇರುವಾಗ ನಿಮ್ಮ ಜೀವಿಗಳು ಪವರ್‌ನ ಬದಲು ಟಫ್‌ನೆಸ್‌ನಷ್ಟು ಪೆಟ್ಟು ಕೊಡುತ್ತವೆ. ಒಂದು ಹಸಿರು ಮಾನಾ ಕೊಟ್ಟರೆ ಒಂದು ಡಿಫೆಂಡರ್ ಆ ಸರದಿಯಲ್ಲಿ ದಾಳಿಗೆ ಹೋಗಬಹುದು. 3 ಮಾನಾ ಕೊಟ್ಟರೆ ನಿಮ್ಮ ಎಲ್ಲ ಜೀವಿಗಳಿಗೂ ಆ ಸರದಿಗೆ ಒಂದೊಂದು ಟಫ್‌ನೆಸ್ ಹೆಚ್ಚು. ಇದರ ನಾಲ್ಕೂ ಪ್ರತಿ ಇರಲಿ, ಚೌಕಾಸಿ ಬೇಡ.

ಜೊತೆಗೆ ಓವರ್‌ಗ್ರೋನ್ ಬ್ಯಾಟಲ್‌ಮೆಂಟ್. ಇದೂ 2 ಮಾನಾದ 0/4, ಟ್ಯಾಪ್ ಮಾಡಿದರೆ ನಿಮ್ಮಲ್ಲಿರುವ ಡಿಫೆಂಡರ್‌ಗಳಷ್ಟು ಹಸಿರು ಮಾನಾ ಕೊಡುತ್ತದೆ. ಈ ಲೆಕ್ಕ ನೋಡಿ: ಅದು ಮತ್ತು ಹಿಂದಿನ ಸರದಿಗಳಲ್ಲೇ ಬಂದ ಇನ್ನು ನಾಲ್ಕು 0/4 ಗೋಡೆಗಳು. ಟ್ಯಾಪ್ ಮಾಡಿದರೆ 5 ಮಾನಾ. ನಾಲ್ಕನ್ನು ಕೊಟ್ಟು ನಾಲ್ಕು ಗೋಡೆಗಳನ್ನು ದಾಳಿಗೆ ಸಜ್ಜು ಮಾಡಿ. ಉಳಿದ ಒಂದಕ್ಕೆ ಎರಡು ಲ್ಯಾಂಡ್ ಸೇರಿಸಿ ಎಲ್ಲವನ್ನೂ 0/5 ಮಾಡಿ. ತಡೆಯುವವರಿಲ್ಲದಿದ್ದರೆ ಒಂದೇ ದಾಳಿಯಲ್ಲಿ 20. ಈ ಖರ್ಚನ್ನೆಲ್ಲ ಒಂದೇ ಹಂತದಲ್ಲಿ ಮುಗಿಸಿ, ಹಂತ ದಾಟಿದರೆ ಉಳಿದ ಮಾನಾ ಹೋಗಿಬಿಡುತ್ತದೆ.

ಗೋಡೆಗಳಲ್ಲಿ ಹೆಚ್ಚಿನವು 2 ಮಾನಾದವೇ ಇರಲಿ: ವಾಲ್ ಆಫ್ ಬ್ಲಾಸಮ್ಸ್ ಹಸಿರಿನಲ್ಲಿ, ವಾಲ್ ಆಫ್ ಓಮೆನ್ಸ್ ಬಿಳಿಯಲ್ಲಿ, ಎರಡೂ ಕಾರ್ಡ್ ಎಳೆಸುತ್ತವೆ. ನೀಲಿಯನ್ನೂ ಸೇರಿಸುವಿರಾದರೆ ಆರ್ಕೇಡ್ಸ್, ದ ಸ್ಟ್ರಾಟಜಿಸ್ಟ್ ಇದೆ. ಅದು ಇರುವಾಗ ಬರುವ ಪ್ರತಿ ಡಿಫೆಂಡರ್‌ಗೂ ಒಂದು ಕಾರ್ಡ್, ಜೊತೆಗೆ ಎಲ್ಲ ಡಿಫೆಂಡರ್‌ಗಳಿಗೂ ಮಾನಾ ಖರ್ಚಿಲ್ಲದೆ ದಾಳಿಯ ಅನುಮತಿ. ಅದರ ಪಕ್ಕದಲ್ಲಿ ಟೆಟ್ಸುಕೊ ಉಮೆಜಾವಾ, ಫ್ಯುಜಿಟಿವ್ ಇಟ್ಟರೆ ಪವರ್ ಅಥವಾ ಟಫ್‌ನೆಸ್ 1 ಅಥವಾ ಅದಕ್ಕಿಂತ ಕಡಿಮೆ ಇರುವ ನಿಮ್ಮ ಜೀವಿಗಳನ್ನು ಯಾರೂ ತಡೆಯುವಂತಿಲ್ಲ. ಗೋಡೆಗಳ ಪವರ್ 0 ತಾನೇ! ಈ ಜೋಡಿಯನ್ನು ಮೊದಲ ಬಾರಿ ಕಂಡಾಗ ಆದ ಸಂತೋಷ ಇಂದಿಗೂ ಇದೆ.

ಒಂದು ಎಚ್ಚರಿಕೆ. ದಾಳಿಗೆ ಹೋದ ಗೋಡೆ ಟ್ಯಾಪ್ ಆಗುತ್ತದೆ, ಎದುರಾಳಿಯ ಸರದಿಯಲ್ಲಿ ತಡೆಯಲು ಸಿಗುವುದಿಲ್ಲ. ಆ ದಾಳಿಯಲ್ಲೇ ಆಟ ಮುಗಿಯುವುದು ಖಚಿತವಿಲ್ಲದಿದ್ದರೆ ಎರಡು ಗೋಡೆಗಳನ್ನಾದರೂ ಹಿಂದೆ ಉಳಿಸಿಕೊಳ್ಳಿ. ಬಿಳಿ ಬಣ್ಣವಿದ್ದರೆ ಬ್ರೇವ್ ದ ಸ್ಯಾಂಡ್ಸ್ ಇಡಿ, ಆಗ ದಾಳಿ ಮಾಡಿದ ಮೇಲೂ ಅವು ಟ್ಯಾಪ್ ಆಗದೆ ಕಾವಲಿಗೆ ಉಳಿಯುತ್ತವೆ. ವಾಲ್ ಆಫ್ ಡಿನೈಯಲ್ ನಿಮಗೆ ಅಷ್ಟೊಂದು ಇಷ್ಟವಾಗಿದ್ದರೆ ಎರಡು ಪ್ರತಿ ಇಟ್ಟುಕೊಳ್ಳಿ. ನಾಲ್ಕು ಬೇಡವೇ ಬೇಡ.