ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

ಮಂಜೇಶ್ವರ ತಾಲೂಕಿನ ಅಡಿಕೆ ಕೃಷಿಕ ಕುಟುಂಬವೊಂದರ ಇಪ್ಪತ್ತಾರರ ಹರೆಯದ ಯುವಕನ ಪ್ರಕರಣವಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಗಾಂಜಾದಿಂದ ಆರಂಭವಾದ ಅಭ್ಯಾಸ ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್, ತನಕ ಬಂದು ನಿಂತಿತ್ತು. ಎರಡು ಬಾರಿ ವ್ಯಸನಮುಕ್ತಿ ಕೇಂದ್ರ ಸೇರಿ, ತಿಂಗಳು ತುಂಬುತ್ತಲೇ ಮನೆಗೆ ಮರಳಿದ್ದ. ಎರಡೂ ಸಲ ಕೆಲವೇ ವಾರಗಳಲ್ಲಿ, ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದದ ಚೂರುಗಳು, ಬ್ರೌನ್ ಶುಗರ್ ಕಾಯಿಸಿ ಹೊಗೆ ಎಳೆದದ್ದಕ್ಕೆ ನಡುವೆ ಕರಿ ಗೆರೆ ಹಿಡಿದಂಥವು, ಹಾಸಿಗೆಯಡಿಯಲ್ಲಿ ತಾಯಿಯ ಕೈಗೆ ಸಿಕ್ಕಿದ್ದವು.

"ಇಷ್ಟು ಹಣ ಸುರಿದಾಯಿತು ಮೇಡಂ, ಈ ಚಿಕಿತ್ಸೆಯಿಂದ ಯಾರಾದರೂ ಸರಿಯಾದದ್ದು ಉಂಟಾ?" ಎಂದು ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ದೇಹದಿಂದ ಮಾದಕವಸ್ತು ಇಳಿದು, ಮೈಕೈ ನೋವು, ವಾಂತಿ, ನಿದ್ರಾಹೀನತೆ ಶಮನವಾಗುವ ಮೊದಲ ಹಂತವನ್ನೇ ಅವರು ಪೂರ್ಣ ಚಿಕಿತ್ಸೆ ಎಂದು ತಿಳಿದಿದ್ದರು. ವ್ಯಸನವು ರಕ್ತದೊತ್ತಡ, ಆಸ್ತಮಾಗಳಂತೆ ದೀರ್ಘಕಾಲದ ಕಾಯಿಲೆ. ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60ರಷ್ಟು ಮಂದಿ ಒಮ್ಮೆಯಾದರೂ ಮರಳಿ ಬಳಸುತ್ತಾರೆ ಎಂಬುದು ಅಮೆರಿಕದ ರಾಷ್ಟ್ರೀಯ ಮಾದಕವಸ್ತು ಸಂಶೋಧನಾ ಸಂಸ್ಥೆಯ ಅಂದಾಜು. ಕ್ಯಾಲಿಫೋರ್ನಿಯಾದಲ್ಲಿ 581 ಮಂದಿ ಹೆರಾಯಿನ್ ವ್ಯಸನಿಗಳನ್ನು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಂಬಾಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಷ್ಟರೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದರು. ಆದರೆ ಸತತ ಐದು ವರ್ಷ ದೂರವಿದ್ದವರಲ್ಲಿ ಮರಳಿ ಬೀಳುವ ಸಾಧ್ಯತೆ ಗಣನೀಯವಾಗಿ ತಗ್ಗಿತ್ತು. ಎರಡನೆಯ ಮಾತನ್ನಷ್ಟೇ ಹೇಳಿ ಸಮಾಧಾನಪಡಿಸುವುದು ಸುಲಭವಿತ್ತು. ಮೊದಲನೆಯದನ್ನೂ ಹೇಳಿದೆ, ಏಕೆಂದರೆ ಈ ಮನೆಯವರು ಮಗನನ್ನು ಮೂರನೆಯ ಬಾರಿ ಕೇಂದ್ರದಲ್ಲಿ ಒಂದು ತಿಂಗಳು ಇರಿಸಿ ಕರೆತರುವ ಯೋಚನೆಯಲ್ಲಿದ್ದರು. ಕೆಲಕಾಲ ಬಳಸದೆ ಇದ್ದವನ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹಿಂದಿನಷ್ಟೇ ಎಳೆದರೆ ಉಸಿರೇ ನಿಲ್ಲಬಹುದು. ಕೇಂದ್ರದಿಂದ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದವು.

ಆದ್ದರಿಂದ ನನ್ನ ಮೊದಲ ಸಲಹೆ ಮನೋವೈದ್ಯರ ಮೂಲಕ ಬ್ಯುಪ್ರನಾರ್ಫಿನ್–ನ್ಯಾಲಾಕ್ಸೋನ್ ಗುಳಿಗೆಯನ್ನು ನಿಯಮಿತವಾಗಿ ಆರಂಭಿಸುವುದು. ನಾಲಿಗೆಯಡಿ ಇಟ್ಟು ಕರಗಿಸುವ ಈ ಗುಳಿಗೆ ಹಂಬಲವನ್ನು ತಗ್ಗಿಸುತ್ತದೆ. ಅದನ್ನು ಮುಂದುವರಿಸುವ ಅವಧಿಯಲ್ಲಿ ಸಾವಿನ ಪ್ರಮಾಣ, ಬಿಟ್ಟ ಅವಧಿಗೆ ಹೋಲಿಸಿದರೆ, ಅರ್ಧ ಅಥವಾ ಅದಕ್ಕೂ ಕಡಿಮೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುವುದಲ್ಲವೇ?" ಎಂದು ತಾಯಿ ಕೇಳಿದರು. ಕದ್ದು ತರಬೇಕಾಗಿಲ್ಲದ, ಅಮಲು ಹತ್ತಿಸದೆ ಬೆಳಿಗ್ಗೆ ತೋಟಕ್ಕೆ ಹೋಗಲು ಬಿಡುವ ಔಷಧಿಯನ್ನು ಚಟವೆಂದು ನಾನು ಕರೆಯಲಾರೆ ಎಂದೆ.

ಎಲ್ಲಿ ಪಡೆಯುವುದೆಂಬುದು ಗಡಿನಾಡಿನ ಪ್ರತ್ಯೇಕ ತಲೆನೋವು. ಕೇರಳ ಸರಕಾರದ ವ್ಯಸನಮುಕ್ತಿ ಯೋಜನೆಯಾದ ವಿಮುಕ್ತಿಯ ಜಿಲ್ಲಾ ಕೇಂದ್ರ ನೀಲೇಶ್ವರದಲ್ಲಿದೆ. ಮಂಜೇಶ್ವರದವರಿಗೆ ತಲಪಾಡಿ ದಾಟಿ ಮಂಗಳೂರು ಸೇರುವುದೇ ಹತ್ತಿರ. ಮಲಯಾಳದಲ್ಲಿ ವ್ಯವಹರಿಸಬಲ್ಲ ಈ ಹುಡುಗನಿಗೂ ಗುಂಪಿನಲ್ಲಿ ಕುಳಿತು ಮನಸ್ಸು ಬಿಚ್ಚಲು ಕನ್ನಡವೋ ತುಳುವೋ ಬೇಕಿತ್ತು. ಮಂಗಳೂರನ್ನೇ ಆಯ್ದುಕೊಂಡೆವು. ವೈದ್ಯರ ಚೀಟಿ ಮತ್ತು ದಾಖಲೆಗಳ ಪ್ರತಿಯೊಂದನ್ನು ಅಕ್ಕನ ಬಳಿ ಇರಿಸಲು ಹೇಳಿದೆ.

ಮದುವೆ ಮಾಡಿದರೆ ಜವಾಬ್ದಾರಿ ಬರುತ್ತದೆ, ಇಲ್ಲವೇ ಗಲ್ಫಿನಲ್ಲಿರುವ ಮಾವನ ಬಳಿ ಕಳುಹಿಸೋಣ ಎಂಬ ಎರಡು ಪ್ರಸ್ತಾಪಗಳೂ ಮನೆಯಲ್ಲಿದ್ದವು. ಮೊದಲನೆಯದು ಇನ್ನೊಂದು ಮನೆಯ ಹೆಣ್ಣುಮಗಳ ಬದುಕನ್ನು ಪಣಕ್ಕಿಡುವುದು. ಎರಡನೆಯದರಲ್ಲಿ ಚಿಕಿತ್ಸೆಯೇ ತುಂಡಾಗುತ್ತದೆ. ಈ ಗುಳಿಗೆಯನ್ನು ಅಲ್ಲಿಗೆ ಒಯ್ಯುವುದಕ್ಕೂ ಕಟ್ಟುನಿಟ್ಟಿನ ನಿರ್ಬಂಧಗಳಿವೆ. ಎರಡನ್ನೂ ಬದಿಗಿಡಲು ಹೇಳಿದೆ. ಪೊಲೀಸರ ಭಯಕ್ಕೂ ಉತ್ತರವಿತ್ತು: 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಸಿಗಬಹುದು, ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂಪಡೆಯಲೂಬಹುದು.

ಇದೆಲ್ಲ ಯುವಕನ ಒಪ್ಪಿಗೆಯಿಲ್ಲದೆ ನಡೆಯುವಂಥದ್ದಲ್ಲ. ಅವನೊಡನೆ ಬೇರೆಯಾಗಿ ಮಾತನಾಡಿದಾಗ ಅವನಿಟ್ಟ ಷರತ್ತು ಒಂದೇ: ಜೇಬು ತಡಕುವುದು ನಿಲ್ಲಬೇಕು. ಅದಕ್ಕೆ ಬದಲಾಗಿ ಮೂತ್ರ ಪರೀಕ್ಷೆಗೆ ಅವನೇ ಒಪ್ಪಿದ. ಅಡಿಕೆ ಮಾರಿದ ಹಣ ತಂದೆಯ ಖಾತೆಗೆ ಹೋಗುವುದು, ಮರಳಿ ಬಳಸಿದರೆ ಮುಚ್ಚಿಡದೆ ವಾರದೊಳಗೆ ವೈದ್ಯರನ್ನು ಕಾಣುವುದು ಎಂದೂ ತೀರ್ಮಾನವಾಯಿತು.

ಮೊದಲ ವರ್ಷದಲ್ಲಿ ಅವನು ಒಮ್ಮೆ ಜಾರಿದ. ಮರುದಿನವೇ ಅಕ್ಕನಿಗೆ ಫೋನ್ ಮಾಡಿದ್ದರಿಂದ ಗುಳಿಗೆ ತಪ್ಪಲಿಲ್ಲ. ಈಗ ತೋಟದ ಲೆಕ್ಕವನ್ನು ಅವನೇ ನೋಡಿಕೊಳ್ಳುತ್ತಾನೆ. ಗುಳಿಗೆ ಎಂದು ನಿಲ್ಲುತ್ತದೆ ಎಂದು ತಂದೆ ಪ್ರತಿ ಭೇಟಿಯಲ್ಲೂ ಕೇಳುತ್ತಾರೆ. ಅದನ್ನು ಮಗನೂ ವೈದ್ಯರೂ ಕೂಡಿ ತೀರ್ಮಾನಿಸಲಿ, ಈ ವರ್ಷ ಆ ಮಾತೇ ಬೇಡ ಎಂದು ಹೇಳಿದ್ದೇನೆ.