ಗಲಾಟೆಯ ನಂತರ ಮಕ್ಕಳ ಮನಸ್ಸು ಹತ್ತಿರವಾಗಲು ಚಿತ್ರಕಲೆ ನೆರವಾಗುತ್ತದೆಯೇ?

ಊರಿನಲ್ಲಿ ಗಲಾಟೆಯಾದ ಮೇಲೆ ನಿಮ್ಮ ಎಂಟನೇ ತರಗತಿಯ ಮಕ್ಕಳು ಬೇರೆ ಬೇರೆ ಬೆಂಚುಗಳಿಗೆ ಸರಿದು ಕೂತಿದ್ದಾರೆ, ಸೌಹಾರ್ದದ ಬಗ್ಗೆ ಚಿತ್ರಸ್ಪರ್ಧೆ ಮಾಡಿಸಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ, ಚಿತ್ರ ಬಿಡಿಸಿದ ಮಾತ್ರಕ್ಕೆ ಇನ್ನೊಬ್ಬರ ನೋವು ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ತಿಳಿಯುತ್ತದೆ ಎಂದೇ ನನ್ನ ಅನುಭವ. ಆದರೆ ದಯವಿಟ್ಟು ಸ್ಪರ್ಧೆ ಮಾಡಿಸಬೇಡಿ.

ನಾನು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಚಿತ್ರಕಲಾ ಶಿಕ್ಷಕ. ನಮ್ಮಲ್ಲೂ ಒಮ್ಮೆ ಹೀಗೆಯೇ ಆಯಿತು. ಎರಡು ದಿನ ಅಂಗಡಿಗಳು ಮುಚ್ಚಿದ್ದವು, ಮೂರನೆಯ ದಿನ ಶಾಲೆ ತೆರೆಯಿತು. ಮಕ್ಕಳು ಬಂದರು, ಆದರೆ ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಒಂದು ಗುಂಪು, ನಲ್ಲಿಯ ಹತ್ತಿರ ಇನ್ನೊಂದು ಗುಂಪು. ಅದಕ್ಕೆ ಮೊದಲು ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ತಿನ್ನುತ್ತಿದ್ದ ಮಕ್ಕಳು ಇವರೇ. ಆಗ ನಾನೂ ಸ್ಪರ್ಧೆಯನ್ನೇ ಮಾಡಿಸಿದೆ. ಅರವತ್ತಕ್ಕೂ ಹೆಚ್ಚು ಹಾಳೆಗಳು ಬಂದವು. ಬಿಳಿ ಪಾರಿವಾಳ, ಕುಲುಕಿದ ಎರಡು ಕೈ, ಭಾರತದ ನಕ್ಷೆ, ಸಾಲಾಗಿ ನಿಂತ ಮಂದಿರ, ಮಸೀದಿ, ಚರ್ಚು. ಬಣ್ಣವೆಲ್ಲ ಚೆನ್ನಾಗಿತ್ತು. ಬಹುಮಾನ ಕೊಟ್ಟ ದಿನವೂ ಬೇವಿನ ಮರದ ಗುಂಪು ಅಲ್ಲೇ ಇತ್ತು, ನಲ್ಲಿಯ ಗುಂಪು ಅಲ್ಲೇ ಇತ್ತು.

ಆ ಹಾಳೆಗಳನ್ನು ಮನೆಗೆ ತಂದು ಒಂದೊಂದಾಗಿ ನೋಡಿದಾಗ ನನಗೆ ಹೊಳೆಯಿತು. ಅಷ್ಟು ಚಿತ್ರಗಳಲ್ಲಿ ಮಕ್ಕಳು ಕಣ್ಣಾರೆ ಕಂಡು ಬಿಡಿಸಿದ ಮನುಷ್ಯ ಒಬ್ಬನೂ ಇರಲಿಲ್ಲ. ಹೋದ ವರ್ಷದ ಪೋಸ್ಟರಿನಿಂದ ಈ ವರ್ಷದ ಪೋಸ್ಟರಿಗೆ ಪಾರಿವಾಳ ಹಾರಿ ಬಂದಿತ್ತು, ಅಷ್ಟೇ. ಯಾರನ್ನೂ ನೋಡದೆ ಯಾರ ನೋವು ಗೊತ್ತಾಗಬೇಕು?

ಅದಾದ ತಿಂಗಳಿಗೆ ಇಪ್ಪತ್ತೆರಡು ಮಕ್ಕಳನ್ನು ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದೆ. ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ ತಿನ್ನದ ಮನೆ ನಮ್ಮ ಊರಿನಲ್ಲಿ ಕಡಿಮೆ. ಆದರೆ ಆ ಮಂಡಕ್ಕಿ ಹುರಿಯುವ ಕೈಗಳನ್ನು ನೋಡಿದವರೂ ಕಡಿಮೆ. ಬಾಣಲೆಯಲ್ಲಿ ಕಾದ ಮರಳು, ಅದಕ್ಕೆ ಅಕ್ಕಿ ಸುರಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಅರಳಿ ಮೇಲೇಳುತ್ತದೆ. ತಕ್ಷಣ ಬಾಚಿ ಜರಡಿಗೆ ಹಾಕಬೇಕು, ಇಲ್ಲದಿದ್ದರೆ ಸೀದುಹೋಗುತ್ತದೆ. ಒಲೆಯ ಹೊಗೆಗೆ ಕಣ್ಣು ಸದಾ ಕೆಂಪು. ಹಿಂದಿನ ದಿನವೇ ಹೋಗಿ ಕೆಲಸಗಾರರ ಒಪ್ಪಿಗೆ ಕೇಳಿದ್ದೆ. ಒಲೆ ಆರಿಸಿ ಚಹಾ ಕುಡಿಯುವ ಹೊತ್ತಿಗೆ ಬನ್ನಿ ಎಂದಿದ್ದರು.

ಮಕ್ಕಳಿಗೆ ಮೂರೇ ಕಟ್ಟಳೆ ಹಾಕಿದ್ದೆ. ಮುಖ ಬಿಡಿಸಬಾರದು, ಕೈ ಮಾತ್ರ. ರಬ್ಬರ್ ಬಳಸಬಾರದು. ಹಾಳೆಗಿಂತ ಹೆಚ್ಚು ಹೊತ್ತು ಕೈಯನ್ನೇ ನೋಡಬೇಕು. ಅರ್ಧ ಗಂಟೆ. ಮುಖ ಬೇಡವೆಂದದ್ದಕ್ಕೆ ಕಾರಣವಿತ್ತು. ಮುಖ ಬಿಡಿಸಲು ಹೊರಟ ಮಗು ಹೋಲಿಕೆ ಬರಲಿಲ್ಲವೆಂದು ಬೇಗ ಸೋಲುತ್ತದೆ, ಎದುರಿಗೆ ಕೂತವರಿಗೂ ಮುಜುಗರ. ಕೈಯಾದರೆ ಇಬ್ಬರಿಗೂ ಸಲೀಸು.

ಒಬ್ಬ ಹುಡುಗ ಬರಲು ಒಪ್ಪಿರಲಿಲ್ಲ. ಆ ಬೀದಿಗೆ ಕಾಲಿಡಬೇಡ ಎಂದು ಮನೆಯಲ್ಲಿ ಹೇಳಿದ್ದರಂತೆ. ಅವನ ತಂದೆಯನ್ನು ನಾನೇ ಹೋಗಿ ಕಂಡು, ನನ್ನ ಜವಾಬ್ದಾರಿ ಎಂದು ಮಾತು ಕೊಟ್ಟು ಕರೆತಂದಿದ್ದೆ. ಅವನ ಎದುರಿಗೆ ಬಂದು ಕೂತವರು ಅರವತ್ತರ ಆಸುಪಾಸಿನ ಒಬ್ಬ ಚಾಚಾ. ಮೊದಲ ಹತ್ತು ನಿಮಿಷ ಹುಡುಗ ತಲೆ ಎತ್ತಿದ್ದೇ ಕಡಿಮೆ. ನಾನು ಸುತ್ತು ಹಾಕಿ ಬಂದು ನೋಡಿದಾಗ ಬಲಗೈ ತೋರುಬೆರಳನ್ನು ಗಿಡ್ಡ ಮಾಡಿದ್ದ. ಅಳತೆ ತಪ್ಪಿದೆ, ಸರಿಯಾಗಿ ನೋಡು ಎಂದೆ. ಅವನು ಪೆನ್ಸಿಲ್ ಎತ್ತದೆ, "ಇಲ್ಲ ಸಾರ್, ಅದು ಇರುವುದೇ ಅಷ್ಟು" ಎಂದ. ಬಗ್ಗಿ ನೋಡಿದೆ. ಬೆರಳಿನ ತುದಿಯ ಗೆಣ್ಣೇ ಇರಲಿಲ್ಲ. ಚಿಕ್ಕಂದಿನಲ್ಲಿ ಯಂತ್ರಕ್ಕೆ ಸಿಕ್ಕಿದ್ದಂತೆ. ಹಿಂದಿನ ದಿನ ಅದೇ ಚಾಚಾರೊಂದಿಗೆ ಹತ್ತು ನಿಮಿಷ ಮಾತಾಡಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಈ ಹುಡುಗನಿಗೆ ಕಂಡಿತ್ತು, ಏಕೆಂದರೆ ಆ ಬೆರಳಿನ ಅಂಚಿನುದ್ದಕ್ಕೂ ಅವನ ಕಣ್ಣು ನಡೆದುಹೋಗಿತ್ತು. ನೋವಾಗುತ್ತದೆಯೇ ಎಂದು ಅವನು ಕೇಳಿದ. ಚಳಿಗಾಲದಲ್ಲಿ ಸ್ವಲ್ಪ ಜುಮುಗುಡುತ್ತದೆ ಎಂದರು ಅವರು. ಆಮೇಲೆ ಹಾಳೆ ಇಸಿದುಕೊಂಡು, ಹೆಬ್ಬೆರಳ ಬುಡದ ಸುಟ್ಟ ಕಲೆಯನ್ನು ಬಿಟ್ಟಿದ್ದೀಯಲ್ಲ ಎಂದು ತೋರಿಸಿದರು. ಹುಡುಗ ಮತ್ತೆ ಕೂತು ಅದನ್ನೂ ಬಿಡಿಸಿದ.

ಮರುದಿನದಿಂದಲೇ ಎಲ್ಲ ಬದಲಾಯಿತು ಎಂದು ಹೇಳಲಾರೆ. ಎರಡು ಗುಂಪುಗಳು ಬೆರೆಯಲು ದಸರಾ ರಜೆ ಕಳೆಯಬೇಕಾಯಿತು. ಆದರೆ ಆ ಹುಡುಗ ಮುಂದಿನ ವಾರ ಚಿತ್ರದ ನೆರಳು ತುಂಬಲು ಒಬ್ಬನೇ ಭಟ್ಟಿಗೆ ಹೋಗಿ ಬಂದ. ಅವನ ತಂದೆ ನನ್ನನ್ನು ಕೇಳಲೂ ಇಲ್ಲ.

ಇನ್ನೊಬ್ಬರ ನೋವನ್ನು ತನ್ನದೆಂಬಂತೆ ತಿಳಿಯುವುದಕ್ಕೆ ನೀವು ಪ್ರಶ್ನೆಯಲ್ಲಿ ಬಳಸಿದ "ಪರಾನುಭೂತಿ" ಎಂಬ ಪದದ ಹಿಂದಿನ ಕತೆಯೂ ಇದಕ್ಕೆ ಹತ್ತಿರದ್ದೇ. ಜರ್ಮನಿಯ ರಾಬರ್ಟ್ ವಿಷರ್ 1873ರಲ್ಲಿ ಕಲಾಕೃತಿಯನ್ನು ನೋಡುವ ಅನುಭವವನ್ನು ವಿವರಿಸಲು "ಐನ್‌ಫ್ಯೂಲುಂಗ್" ಎಂಬ ಪದ ಬಳಸಿದ. ಒಳಹೊಕ್ಕು ಅನುಭವಿಸುವುದು ಎಂದು ಅದರ ಅರ್ಥ. ಅದೇ ಪದ 1909ರಲ್ಲಿ ಇಂಗ್ಲಿಷಿಗೆ "ಎಂಪಥಿ" ಆಗಿ ಬಂತು. ನಮ್ಮ ಕಾವ್ಯಮೀಮಾಂಸೆಯಲ್ಲಿ, ಕೃತಿಯೊಂದಿಗೆ ಮನಸ್ಸು ಬೆರೆಸಿ ಸವಿಯುವವನು ಎಂಬ ಅರ್ಥದಲ್ಲಿ, "ಸಹೃದಯ" ಎಂಬ ಮಾತು ಅದಕ್ಕೂ ಎಷ್ಟೋ ಶತಮಾನ ಮೊದಲೇ ಇತ್ತು. ಆ ಪದವೇ ನನಗೆ ಹೆಚ್ಚು ಇಷ್ಟ.

ಮಕ್ಕಳಿಗೆ ದೊಡ್ಡ ಕಲಾವಿದರ ಕೃತಿಗಳನ್ನೂ ತೋರಿಸಿ. 1943ರ ಬಂಗಾಳದ ಬರಗಾಲದಲ್ಲಿ ಜೈನುಲ್ ಆಬೆದಿನ್ ಅಗ್ಗದ ಪೊಟ್ಟಣದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಹಸಿದವರನ್ನು ಬಿಡಿಸಿದರು. ಅದೇ ಕಾಲದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ ಚಿತ್ರ ಬರೆದು, ಕಂಡದ್ದನ್ನು ಬರಹದಲ್ಲೂ ದಾಖಲಿಸಿ ಪುಸ್ತಕವಾಗಿ ತಂದರು. ಆ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಜಪ್ತಿ ಮಾಡಿ ನಾಶಪಡಿಸಿತು. ಕೆಲವು ಗೆರೆಗಳಿಗೆ ಒಂದು ಸರ್ಕಾರ ಅಷ್ಟು ಹೆದರಿತೇ ಎಂದು ನಮ್ಮ ಮಕ್ಕಳು ಬೆರಗಾಗಿದ್ದರು. ನನಗೆ ಎಲ್ಲರಿಗಿಂತ ಹತ್ತಿರದವಳು ಜರ್ಮನಿಯ ಕೇಟೆ ಕೋಲ್ವಿಟ್ಸ್. 1914ರ ಅಕ್ಟೋಬರಿನಲ್ಲಿ ಅವಳ ಕಿರಿಯ ಮಗ ಪೀಟರ್ ಯುದ್ಧದಲ್ಲಿ ಸತ್ತ, ಅವನಿಗೆ ಹದಿನೆಂಟು ವರ್ಷ. ಅವನ ಸ್ಮಾರಕವನ್ನು ಅವಳು ಮುಗಿಸಿ ನಿಲ್ಲಿಸಿದ್ದು 1932ರಲ್ಲಿ. ಕೊನೆಗೆ ಆ ಸ್ಮಾರಕದಲ್ಲಿ ಮಗನಿಲ್ಲ, ಕೋವಿಯಿಲ್ಲ, ಬಾವುಟವಿಲ್ಲ. ಮಂಡಿಯೂರಿದ ಒಬ್ಬ ತಾಯಿ, ಒಬ್ಬ ತಂದೆ, ಇಬ್ಬರ ನಡುವೆ ಖಾಲಿ ಜಾಗ. ಅದನ್ನು ತೋರಿಸಿದ ದಿನ ನಮ್ಮ ತರಗತಿಯಲ್ಲಿ ಯಾರೂ ಪಿಸುಗುಟ್ಟಲಿಲ್ಲ.

ತೋರಿಸುವಾಗ ನೀವು ಅರ್ಥ ಹೇಳಬೇಡಿ. ಅಮೆರಿಕದ ಅಬಿಗೇಲ್ ಹೌಸನ್, ಫಿಲಿಪ್ ಯೆನವೈನ್ ಎಂಬಿಬ್ಬರು ರೂಪಿಸಿದ ಒಂದು ಕ್ರಮವಿದೆ, ಅದರಲ್ಲಿ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಹಾಗೆನ್ನಲು ನಿನಗೆ ಏನು ಕಂಡಿತು? ಇನ್ನೂ ಏನು ಕಾಣುತ್ತಿದೆ? ಎರಡನೆಯ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಒಬ್ಬ ಹುಡುಗಿಯಿಂದ. ಗಲಾಟೆಯದೆಂದು ಯಾರೋ ಕಳುಹಿಸಿದ ವಿಡಿಯೊವನ್ನು ಅಣ್ಣನ ಮೊಬೈಲಿನಲ್ಲಿ ನೋಡುವಾಗ, "ಇದು ನಮ್ಮ ಊರೇ ಎನ್ನಲು ನಿನಗೆ ಏನು ಕಂಡಿತು?" ಎಂದು ಕೇಳಿದಳಂತೆ. ಅಂಗಡಿಯ ಫಲಕವನ್ನು ದೊಡ್ಡದು ಮಾಡಿ ನೋಡಿದರೆ ಅದರ ಮೇಲೆ ಬೇರೆ ರಾಜ್ಯದ ಲಿಪಿ ಇತ್ತು.

ಒಂದು ಎಚ್ಚರಿಕೆ. ಗಲಾಟೆಯಲ್ಲಿ ಪೆಟ್ಟು ತಿಂದ ಮನೆಯ ಮಗು ನಿಮ್ಮ ತರಗತಿಯಲ್ಲಿದ್ದರೆ, ಆ ದಿನವನ್ನು ಬಿಡಿಸು ಎಂದು ಎಂದಿಗೂ ಹೇಳಬೇಡಿ. ತಾನಾಗಿ ಬಿಡಿಸಿದರೆ ಗೋಡೆಗೆ ಹಚ್ಚಬೇಡಿ, ಅದು ಆ ಮಗುವಿನದು. ರಕ್ತಸಿಕ್ತ ಫೋಟೊಗಳನ್ನಂತೂ ತರಗತಿಗೆ ತರಲೇಬೇಡಿ. ಅವನ್ನು ನೋಡಿದ ಮಗು ಮುಖ ತಿರುಗಿಸುತ್ತದೆ ಇಲ್ಲವೇ ಮರಗಟ್ಟುತ್ತದೆ.

ನಿಮ್ಮ ಊರಿನಲ್ಲಿ ಭಟ್ಟಿ ಇಲ್ಲದಿದ್ದರೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರು, ಹೂ ಕಟ್ಟುವವರು, ದರ್ಜಿಗಳು ಇದ್ದೇ ಇರುತ್ತಾರೆ. ಮೊದಲು ಇಬ್ಬರು ಮಕ್ಕಳನ್ನಷ್ಟೇ ಕರೆದುಕೊಂಡು ಹೋಗಿ ಒಪ್ಪಿಗೆ ಕೇಳಿ ಬನ್ನಿ, ಒಂದೊಂದು ಗುಂಪಿನಿಂದ ಒಬ್ಬೊಬ್ಬರು. ಪ್ರತಿ ಮಗುವಿಗೂ ಎರಡು ಹಾಳೆ ಕೊಡಿ. ಒಂದನ್ನು ಕೈ ತೋರಿಸಿದವರಿಗೇ ಕೊಟ್ಟು ಬರಬೇಕು.