ನೆನಪಿನ ಶಕ್ತಿಗೆ ಯಾವ ಮಾತ್ರೆ ಒಳ್ಳೆಯದು? ಅತ್ತೆಗೂ ಮಗಳಿಗೂ ಒಂದೇ ಕೊಡಬಹುದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅತ್ತೆಯವರಿಗೆ 62 ವರ್ಷ, ಈಚೆಗೆ ಮರೆವು ಹೆಚ್ಚಾಗಿದೆ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಮಗಳು ದ್ವಿತೀಯ ಪಿಯುಸಿ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾಳೆ. ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಂತರ್ಜಾಲದಲ್ಲಿ ಕಂಡ ಮೆದುಳಿನ ಕ್ಯಾಪ್ಸೂಲ್ ಒಂದನ್ನು ಇಬ್ಬರಿಗೂ ತರಿಸಬಹುದೇ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ತರಿಸಬೇಡಿ. ಮೊದಲು ಅತ್ತೆಯವರ ರಕ್ತದಲ್ಲಿ ಬಿ12 ಜೀವಸತ್ವ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆದರೆ ಮರೆವು, ಮೆಟ್‌ಫಾರ್ಮಿನ್, ಸಸ್ಯಾಹಾರ ಈ ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ನನ್ನ ಅಮ್ಮ ಕಣ್ಣೆದುರು ಬಂದಳು.

ನಮ್ಮದು ಸಾಗರದ ಕಡೆಯ ಹಳ್ಳಿ. ಅಮ್ಮ ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಯಾವ ಪುಸ್ತಕವನ್ನೂ ನೋಡದೆ ಬಿಡಿಸುತ್ತಿದ್ದಳು. ಒಂದು ಬೆಳಗ್ಗೆ ಚುಕ್ಕಿ ಇಟ್ಟು ಮುಗಿಸಿ, ಗೆರೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಕುಳಿತೇ ಇದ್ದಳು. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು. ಒಮ್ಮೆ ತೋಟದಿಂದ ಬರುವಾಗ ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿದಿತ್ತು. ಅದು ಅವಳಿಗೆ ಗೊತ್ತಾದದ್ದು ಮನೆ ಮುಟ್ಟಿ ಕಾಲು ತೊಳೆಯುವಾಗ.

ಅರವತ್ತಕ್ಕೆ ಅರಳುಮರಳು ಎಂದು ಅಪ್ಪ ಹೇಳಿದರು, ದೊಡ್ಡಪ್ಪ ಹೇಳಿದರು, ನಾನೂ ಒಳಗೊಳಗೇ ಒಪ್ಪಿಕೊಂಡೆ. ವಿಜ್ಞಾನ ಕಲಿಸುವ ನಾನು ಒಂದು ಗಾದೆಯನ್ನು ರೋಗದ ಹೆಸರೆಂದು ನಂಬಿ ಹದಿನಾಲ್ಕು ತಿಂಗಳು ಕಳೆದೆ. ಆ ತಿಂಗಳುಗಳಲ್ಲಿ ನಾವು ಸುಮ್ಮನಿರಲಿಲ್ಲ. ದಿನ ಬಿಟ್ಟು ದಿನ ಒಂದೆಲಗದ ತಂಬುಳಿ ಮಾಡಿದೆವು. ಬೆಂಗಳೂರಿನ ಚಿಕ್ಕಮ್ಮನ ಮಗ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಕ್ಯಾಪ್ಸೂಲಿನ ಎರಡು ಡಬ್ಬಿ ಕಳಿಸಿದ. ಅಮ್ಮ ಎಲ್ಲವನ್ನೂ ಶ್ರದ್ಧೆಯಿಂದ ತೆಗೆದುಕೊಂಡಳು. ಜೋಮು ಮಾತ್ರ ಪಾದದಿಂದ ಮೀನಖಂಡಕ್ಕೆ ಏರಿತು.

ಕೊನೆಗೆ ಕಾಲಿನ ಗಾಯವೊಂದಕ್ಕೆಂದು ಹೋದಾಗ ಒಬ್ಬ ಯುವ ವೈದ್ಯೆ ಅಮ್ಮ ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ಒಂಬತ್ತು ವರ್ಷದ ಮೆಟ್‌ಫಾರ್ಮಿನ್, ಜೊತೆಗೆ ದಿನಾ ಬೆಳಗ್ಗೆ ಎದೆಯುರಿಗೆಂದು ಪ್ಯಾಂಟೊಪ್ರಜೋಲ್. ಶಬ್ದದ ಪಾಠಕ್ಕೆ ನಾನು ತರಗತಿಗೆ ಒಯ್ಯುವಂಥದ್ದೇ ಒಂದು ಶ್ರುತಿಕವೆಯನ್ನು ಮಿಡಿದು ಅಮ್ಮನ ಕಾಲಿನ ಗಿಣ್ಣಿಗೆ ತಾಗಿಸಿ, ನಡುಕ ತಿಳಿಯುತ್ತದೆಯೇ ಎಂದು ಕೇಳಿದರು. ಅಮ್ಮನಿಗೆ ತಿಳಿಯಲಿಲ್ಲ. ರಕ್ತದ ವರದಿಯಲ್ಲಿ ಬಿ12 ಒಂದು ಮಿಲಿಲೀಟರಿಗೆ 118 ಪಿಕೋಗ್ರಾಂ ಇತ್ತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. 200ರಿಂದ 300ರವರೆಗಿನದು ಅನುಮಾನದ ವಲಯ. ಅಲ್ಲಿದ್ದರೆ, ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮಿಥೈಲ್‌ಮಲೋನಿಕ್ ಆಮ್ಲ ಎಂಬ ವಸ್ತುಗಳ ಪರೀಕ್ಷೆಯನ್ನೂ ಮಾಡಿಸಿ ನಿರ್ಧರಿಸುತ್ತಾರೆ.

ಇದು ಹೇಗಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಿಳಿದಿದ್ದರೆ ನೀವು ವೈದ್ಯರನ್ನು ಸರಿಯಾದ ಪ್ರಶ್ನೆ ಕೇಳಬಹುದು. ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪೊರೆ ಇರುತ್ತದೆ. ಅದು ಗಟ್ಟಿಯಾಗಿದ್ದರೆ ಸಂದೇಶ ವೇಗವಾಗಿ ಹರಿಯುತ್ತದೆ. ಆ ಪೊರೆಯ ದುರಸ್ತಿಗೆ ಬಿ12 ಬೇಕು. ನಮಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಆದರೆ ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು, ಸಸ್ಯಗಳಲ್ಲ. ಹಾಗಾಗಿ ಮಾಂಸ, ಮೀನು, ಮೊಟ್ಟೆ, ಹಾಲು ಇವೇ ನಂಬಬಹುದಾದ ಮೂಲಗಳು. ಹಾಲು ಕುಡಿಯುತ್ತೇವಲ್ಲ ಎಂದು ನೀವು ಹೇಳಬಹುದು, ನಾನೂ ಹೇಳಿದ್ದೆ. ನೂರು ಮಿಲಿಲೀಟರ್ ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಇರುತ್ತದೆ. ಅಮ್ಮನ ಹೊಟ್ಟೆಗೆ ಹೋಗುತ್ತಿದ್ದದ್ದು ಎರಡು ಹೊತ್ತಿನ ಕಾಫಿಗೆ ಬಿದ್ದ ಹಾಲು ಮತ್ತು ಊಟದ ಕೊನೆಗೆ ನೀರು ಬೆರೆಸಿದ ಮಜ್ಜಿಗೆ. ಗಟ್ಟಿ ಮೊಸರು ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಬಡಿಸುವವಳ ತಟ್ಟೆಗೆ ಏನು ಬೀಳುತ್ತದೆ ಎಂದು ಎಷ್ಟು ಮನೆಗಳಲ್ಲಿ ಯಾರಾದರೂ ನೋಡಿದ್ದಾರೆ?

ಇಡ್ಲಿ ಹಿಟ್ಟು ಹುದುಗಿದರೆ ಬಿ12 ಬರುತ್ತದೆ, ಸ್ಪಿರುಲಿನಾದಲ್ಲಿ ಹೇರಳವಾಗಿದೆ ಎಂಬ ಮಾತುಗಳು ಓಡಾಡುತ್ತವೆ. ಇಡ್ಲಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ.

ಇನ್ನು ತಿಂದದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು, ಎದೆಯುರಿಯ ಮಾತ್ರೆ ಆ ಆಮ್ಲವನ್ನೇ ತಗ್ಗಿಸುತ್ತದೆ. ಆಮೇಲೆ ಜಠರದ ಗೋಡೆ ಸ್ರವಿಸುವ ಒಂದು ಪ್ರೋಟೀನ್ ಅದನ್ನು ಹಿಡಿದು ಸಣ್ಣಕರುಳಿನ ಕೊನೆಯವರೆಗೆ ಒಯ್ಯಬೇಕು, ಅಲ್ಲಿ ಹೀರಿಕೊಳ್ಳುವುದಕ್ಕೆ ಮೆಟ್‌ಫಾರ್ಮಿನ್ ಅಡ್ಡಿಯಾಗುತ್ತದೆ. ವಯಸ್ಸಾದಂತೆ ಹಲವರಲ್ಲಿ ಆಮ್ಲ ತಾನಾಗಿಯೂ ಕಡಿಮೆಯಾಗುತ್ತದೆ. ಯಕೃತ್ತಿನಲ್ಲಿ ಹಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ಅಷ್ಟು ಹೊತ್ತಿಗೆ ವ್ಯಕ್ತಿಗೆ ಅರವತ್ತು ದಾಟಿರುತ್ತದೆ, ಗಾದೆ ಸಿದ್ಧವಾಗಿರುತ್ತದೆ.

ಅಮ್ಮನಿಗೆ ಚುಚ್ಚುಮದ್ದು ಶುರುವಾಯಿತು. ಸಿರಿಂಜಿನಲ್ಲಿ ಕೆಂಪು ದ್ರವ ಕಂಡು ‘ಇದೇನು ಕುಂಕುಮದ ನೀರೇ?’ ಎಂದು ಕೇಳಿದಳು. ಆ ಕೆಂಪು ಬಿ12ರ ಅಣುವಿನ ನಡುವೆ ಕೂತಿರುವ ಕೋಬಾಲ್ಟ್ ಮತ್ತು ಅದನ್ನು ಸುತ್ತುವರಿದ ಉಂಗುರದಿಂದ ಬರುತ್ತದೆ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು, ಸಾವು ಖಚಿತ ಎನಿಸಿದ್ದ ಒಂದು ಬಗೆಯ ರಕ್ತಹೀನತೆಯ ರೋಗಿಗಳಿಗೆ ದಿನಾ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. ವಿಪ್ಪಲ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆಗೆ ಅವರಿಗೆ 1934ರಲ್ಲಿ ನೊಬೆಲ್ ಬಂತು. ಯಕೃತ್ತಿನಲ್ಲಿದ್ದ ಆ ವಸ್ತು, ಅಂದರೆ ಬಿ12, ಕೆಂಪು ಹರಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಅದರ ರಚನೆಯನ್ನು ಬಿಡಿಸಿದ ಡೊರೊತಿ ಹಾಡ್ಜ್‌ಕಿನ್ ಅವರಿಗೆ 1964ರ ನೊಬೆಲ್. ಈ ಕಥೆಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಮನೆಯಲ್ಲಿದ್ದ ರೋಗಿಯನ್ನು ಮಾತ್ರ ಗುರುತಿಸಲಿಲ್ಲ, ಆ ನೋವು ನನಗೆ ಇನ್ನೂ ಇದೆ.

ಮೂರನೆಯ ವಾರಕ್ಕೆ ಅಮ್ಮನ ಆಯಾಸ ಕಡಿಮೆಯಾಯಿತು. ನಾಲ್ಕೈದು ತಿಂಗಳಲ್ಲಿ ಮಾತಿನ ನಡುವೆ ಹೆಸರು ಹುಡುಕುವುದು ನಿಂತಿತು, ರಂಗೋಲಿ ಮರಳಿತು. ಪಾದದ ಜೋಮು ಪೂರ್ತಿ ಹೋಗಲೇ ಇಲ್ಲ. ಬಹಳ ಕಾಲ ಕೊರತೆಯಲ್ಲಿದ್ದ ನರ ಮೊದಲಿನಂತಾಗುವುದು ಕಷ್ಟ ಎಂದು ವೈದ್ಯೆ ಮೊದಲೇ ಹೇಳಿದ್ದರು. ಹದಿನಾಲ್ಕು ತಿಂಗಳು ಮುಂಚೆ ಹೋಗಿದ್ದರೆ ಏನಾಗುತ್ತಿತ್ತೋ. ಅದಕ್ಕೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ಕಳಿಸಿದ ಕ್ಯಾಪ್ಸೂಲಿನ ಪಟ್ಟಿಯಲ್ಲಿ ಗಿಂಕ್ಗೊ, ಬ್ರಾಹ್ಮಿ, ಒಮೆಗಾ-3, ಫೋಲಿಕ್ ಆಮ್ಲ ಇವೆ. ಬಿ ಗುಂಪಿನದೇ ಇನ್ನೊಂದು ಜೀವಸತ್ವವಾದ ಫೋಲಿಕ್ ಆಮ್ಲದ ಬಗ್ಗೆ ಎಚ್ಚರ. ಬಿ12 ಕೊರತೆಯಿದ್ದವರಿಗೆ ಅದನ್ನೊಂದೇ ಕೊಟ್ಟರೆ ರಕ್ತಹೀನತೆ ಸರಿಯಾದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಗಿಂಕ್ಗೊವನ್ನು ಅಮೆರಿಕದಲ್ಲಿ 75 ದಾಟಿದ 3,069 ಜನರ ಮೇಲೆ ಹಲವು ವರ್ಷ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರೆಗುಳಿ ರೋಗವನ್ನು ಅದು ತಡೆಯಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಇದೆ.

ಬ್ರಾಹ್ಮಿಯ ವಿಷಯದಲ್ಲಿ ನಮ್ಮಲ್ಲೇ ಒಂದು ಗೊಂದಲವಿದೆ. ನಾವು ಮಲೆನಾಡಿನವರು ಬ್ರಾಹ್ಮಿ ಎನ್ನುವುದು ಒಂದೆಲಗವನ್ನು, ಕರಾವಳಿಯವರ ತಿಮರೆ. ಕ್ಯಾಪ್ಸೂಲಿನಲ್ಲಿ ಬರುವುದು ಹೆಚ್ಚಾಗಿ ನೀರುಬ್ರಾಹ್ಮಿ, ಅಂದರೆ ಬಕೋಪಾ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ ಹನ್ನೆರಡು ವಾರ ಕೊಟ್ಟ ಕೆಲವು ಸಣ್ಣ ಪ್ರಯೋಗಗಳಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳುವುದು ಸ್ವಲ್ಪ ಸುಧಾರಿಸಿದ್ದುಂಟು, ಹೊಟ್ಟೆ ಕೆಟ್ಟದ್ದೂ ಉಂಟು. ಒಂದೆಲಗದ ತಂಬುಳಿಯನ್ನು ನಾನು ಈಗಲೂ ಮಾಡುತ್ತೇನೆ, ತೆಂಗಿನಕಾಯಿ, ಜೀರಿಗೆ, ಕಾಳುಮೆಣಸು, ಗಟ್ಟಿ ಮಜ್ಜಿಗೆ ಹಾಕಿ. ಬಿಸಿಲ ದಿನದ ಊಟಕ್ಕೆ ಅದಕ್ಕಿಂತ ತಂಪಾದದ್ದು ಇನ್ನೊಂದಿಲ್ಲ. ಔಷಧಿಯ ಭಾರವನ್ನು ಮಾತ್ರ ಅದರ ಮೇಲೆ ಹೊರಿಸುವುದಿಲ್ಲ.

ಒಮೆಗಾ-3 ಮೆದುಳಿಗೆ ಬೇಕು ಎಂಬುದು ನಿಜ, ಮೆದುಳಿನ ಜೀವಕೋಶಗಳ ಪೊರೆಯಲ್ಲಿ ಡಿಎಚ್‌ಎ ಎಂಬ ಅದರ ರೂಪ ಬಹಳವಿದೆ. ಮಂಗಳೂರಿನ ಬಂಗುಡೆ, ಭೂತಾಯಿ ಮೀನುಗಳಲ್ಲಿ ಅದು ನೇರವಾಗಿ ಸಿಗುತ್ತದೆ. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲಿ ಸಿಗುವುದು ಒಮೆಗಾ-3ರ ಇನ್ನೊಂದು ರೂಪ. ದೇಹ ಅದರಲ್ಲಿ ತೀರಾ ಸ್ವಲ್ಪವನ್ನಷ್ಟೇ ಡಿಎಚ್‌ಎ ಆಗಿ ಬದಲಿಸುತ್ತದೆ. ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಇದೆ. ಆದರೆ ಆರೋಗ್ಯವಾಗಿರುವ ಹಿರಿಯರಿಗೆ ಒಮೆಗಾ-3 ಕೊಟ್ಟು ನಡೆಸಿದ ದೊಡ್ಡ ಪ್ರಯೋಗಗಳಲ್ಲಿ ನೆನಪು ಹೆಚ್ಚಿದ ಪುರಾವೆ ಸಿಕ್ಕಿಲ್ಲ. ರೊಟ್ಟಿಯ ಜೊತೆ ಅಗಸೆಪುಡಿ ತಿನ್ನಿ, ಕ್ಯಾಪ್ಸೂಲಿಗೆ ಅವಸರ ಮಾಡಬೇಡಿ.

ಯಾವ ಪೂರಕವೂ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. ಆಕ್ಸ್‌ಫರ್ಡಿನಲ್ಲಿ, ಮರೆವು ಆಗಷ್ಟೇ ಶುರುವಾದ ಹಿರಿಯರಿಗೆ ಎರಡು ವರ್ಷ ಬಿ12, ಬಿ6, ಫೋಲಿಕ್ ಆಮ್ಲ ಕೊಟ್ಟು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೆದುಳು ಕುಗ್ಗುವ ವೇಗ ಸರಾಸರಿ ಶೇ. 30ರಷ್ಟು ತಗ್ಗಿತ್ತು. ಲಾಭ ಹೆಚ್ಚು ಕಂಡದ್ದು ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ, ಅಂದರೆ ಈ ಜೀವಸತ್ವಗಳು ಸಾಲದೆ ಇದ್ದವರಲ್ಲಿ. ಹಸಿದವನಿಗೆ ಅನ್ನ ಹಾಕಿದರೆ ಶಕ್ತಿ ಬರುತ್ತದೆ, ಹೊಟ್ಟೆ ತುಂಬಿದವನಿಗೆ ಇನ್ನೊಂದು ತಟ್ಟೆ ಬಡಿಸಿದರೆ ಅಜೀರ್ಣ. ಬಿ6ನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಗಳನ್ನು ಕೆಡಿಸಿ ಜೋಮು ತರುತ್ತದೆ.

ಮಗಳ ವಿಷಯ ಬೇರೆ. ಅವಳ ಹಿಮೋಗ್ಲೋಬಿನ್ ನೋಡಿಸಿ, ಸಾಧ್ಯವಾದರೆ ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಕೂಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮೆದುಳು ವಿಶ್ರಾಂತಿಯಲ್ಲಿಯೂ ಶೇ. 20ರಷ್ಟು ಶಕ್ತಿಯನ್ನು ಉರಿಸುತ್ತದೆ. ಆಮ್ಲಜನಕ ಹೊರುವ ರಕ್ತವೇ ಸಾಲದಿದ್ದರೆ ಓದಿದ್ದು ಎಲ್ಲಿ ನಿಲ್ಲಬೇಕು? ನಮ್ಮ ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಮಾತ್ರೆ ಕೊಡುತ್ತೇವೆ. ವಾಕರಿಕೆ ಬರುತ್ತದೆಂದು ಹೆಣ್ಣುಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಿದ್ದರು. ಬಿಸಿಯೂಟದ ನಂತರ ನನ್ನೆದುರಿಗೇ ನುಂಗಲು ಹೇಳತೊಡಗಿದ ಮೇಲೆ ವಾಕರಿಕೆಯ ದೂರು ಬಹಳ ಕಡಿಮೆಯಾಯಿತು. ನಿಮ್ಮ ಮಗಳಿಗೂ ಕೊರತೆ ಇದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ. ಕಾಫಿ, ಚಹಾ ಕುಡಿದು ಒಂದು ಗಂಟೆಯಾದರೂ ಕಳೆದಿರಲಿ, ಅವು ಕಬ್ಬಿಣ ಹೀರುವುದನ್ನು ತಡೆಯುತ್ತವೆ. ಹುರುಳಿ ಸಾರಿಗೆ, ಹರಿವೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ. ಬೆಳಗಿನ ತಿಂಡಿ ಬಿಟ್ಟು ಹೋಗಲು ಬಿಡಬೇಡಿ. ಮತ್ತು ರಾತ್ರಿ ಎರಡರವರೆಗೆ ಎಚ್ಚರವಿರಿಸಬೇಡಿ, ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಯಾವ ಡಬ್ಬಿಯೂ ಎಂಟು ಗಂಟೆಯ ನಿದ್ದೆಗೆ ಸಾಟಿಯಲ್ಲ.

ಮನೆಯಲ್ಲಿ ಈಚೆಗೆ ಸೈಂಧವ ಲವಣವನ್ನೇ ಬಳಸುತ್ತಿದ್ದರೆ ಅಯೋಡಿನ್ ಸೇರಿಸಿದ ಉಪ್ಪಿಗೆ ಮರಳಿ. ಅಯೋಡಿನ್ ಬೇಕಾದದ್ದು ಥೈರಾಯಿಡ್ ಗ್ರಂಥಿಗೆ. ಅದರ ಕೆಲಸ ಕುಗ್ಗಿದರೂ ಮರೆವು ಬರುತ್ತದೆ, ಆದ್ದರಿಂದ ಅತ್ತೆಯವರಿಗೆ ಥೈರಾಯಿಡಿನ ಟಿಎಸ್‌ಎಚ್ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ.

ಅವರು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಾಲು ಜೋಮು ಹಿಡಿಯುತ್ತದೆಯೇ, ಕತ್ತಲಲ್ಲಿ ನಡೆಯುವಾಗ ತೂರಾಡುತ್ತದೆಯೇ ಎಂದು ಇವತ್ತೇ ಕೇಳಿ. ಅವರಾಗಿ ಹೇಳುವುದಿಲ್ಲ, ಅಮ್ಮನೂ ಹೇಳಿರಲಿಲ್ಲ. ರಕ್ತ ಕೊಡುವ ಮೊದಲು ಯಾವ ವಿಟಮಿನ್ ಮಾತ್ರೆಯನ್ನೂ ಶುರು ಮಾಡಬೇಡಿ, ಮಾಡಿದರೆ ವರದಿಯ ಅಂಕಿ ಏರಿ ನಿಜ ಸ್ಥಿತಿ ಮರೆಯಾಗುತ್ತದೆ. ಕೊರತೆ ಇದ್ದರೆ ಚುಚ್ಚುಮದ್ದೋ 1000 ಮೈಕ್ರೋಗ್ರಾಂನ ಮಾತ್ರೆಯೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಇಷ್ಟು ದೊಡ್ಡ ಮಾತ್ರೆ ಏಕೆ ಎಂದು ಗಾಬರಿಯಾಗಬೇಡಿ. ಹೀರುವ ದಾರಿ ಕೆಟ್ಟಿದ್ದರೂ ಅದರಲ್ಲಿ ಶೇಕಡ ಒಂದರಷ್ಟು ತಾನಾಗಿಯೇ ಒಳಸೇರುತ್ತದೆ, ಅಷ್ಟು ಸಾಕು. ಮರೆವು ದಿಢೀರನೆ ಒಂದೆರಡು ದಿನದಲ್ಲಿ ಬಂದದ್ದಾದರೆ, ಮಾತು ತೊದಲಿದರೆ, ಒಂದು ಪಕ್ಕ ಸೋತರೆ ಇದಾವುದಕ್ಕೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇದನ್ನು ಓದಿ ಮೆಟ್‌ಫಾರ್ಮಿನ್ ಮಾತ್ರ ನಿಲ್ಲಿಸಬೇಡಿ. ಅಮ್ಮ ಈಗಲೂ ಅದನ್ನೇ ತೆಗೆದುಕೊಳ್ಳುತ್ತಾಳೆ, ಜೊತೆಗೆ ಬಿ12 ಚುಚ್ಚುಮದ್ದು ತಿಂಗಳಿಗೊಂದು. ಅದರ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡು ನನಗೆ ನೆನಪಿಸುತ್ತಾಳೆ.